ಹುಳುಕಲ್ಲದ ಹುಳುಕು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿನ ಡಾಕ್ಟರರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ಕುಳಿತು ಕಟ್ಟುಹಲ್ಲು ಮಾಡಿದವಳು ಅವಳು. ಊರಿನ ಅರ್ಧದಷ್ಟು ಹಿರಿಯರ ನಗು ಅವಳ ಕೈಯಿಂದಲೇ ಬಂದದ್ದು. ಕೆಲಸ ಬಿಡುವ ದಿನ ಡಾಕ್ಟರರು “ನೆನಪಿಗೆ ಏನು ಕೊಡಲಿ?” ಎಂದು ಕೇಳಿದಾಗ, ಗಡಿಯಾರ ಬೇಡ, ಶಾಲೂ ಬೇಡ, ಮೂಲೆಯಲ್ಲಿದ್ದ ಹಳೆಯ ಪುಟ್ಟ ಕುಲುಮೆ ಕೊಡಿ ಎಂದಳು. ಅದು ಬಂದು ಅವಳ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತಿತು.

ಕಾರಿನ ಕೆಲಸಕ್ಕೆ ನಾಂದಿ ಹಾಡಿದವನು ಅವಳ ಗಂಡ. ಲಾರಿ ಓಡಿಸಿ ನಿವೃತ್ತನಾದ ಆತ ಒಂದು ಓಬೀರಾಯನ ಕಾಲದ ಕಾರು ಕೊಂಡು ತಂದಿದ್ದ. ಅದರ ಕಿಟಕಿ ತಿರುಗಿಸುವ ಹಿಡಿ ಮುರಿದಿತ್ತು.

“ಈ ಹಿಡಿ ಈಗ ಭೂಮಿ ಮೇಲೆ ಎಲ್ಲೂ ಸಿಗಲ್ಲ ಕಣೇ.”

“ನಮ್ಮ ಹಿತ್ತಲೂ ಭೂಮಿ ಮೇಲೇ ಇದೆಯಲ್ಲ” ಎಂದು ಹಲ್ಲಕ್ಕ ಇನ್ನೊಂದು ಬಾಗಿಲಿನ ಹಿಡಿ ಬಿಚ್ಚಿ, ಬಾಯಿಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಲೇಪದಲ್ಲಿ ಅದರ ಅಚ್ಚು ತೆಗೆದಳು. ಅದರಲ್ಲಿ ಮೇಣ ಹೊಯ್ದು, ಮೇಣದ ಹಿಡಿಯನ್ನು ಪ್ಲಾಸ್ಟರಿನಲ್ಲಿ ಹುಗಿದು, ಕುಲುಮೆಯಲ್ಲಿಟ್ಟು ಮೇಣ ಕರಗಿಸಿ, ಖಾಲಿಯಾದ ಜಾಗಕ್ಕೆ ಕಂಚು ಎರೆದಳು. ಹಲ್ಲಿನದೂ ಇದೇ ಕ್ರಮ. “ಬಾಯಿಗಿಂತ ಇದೇ ವಾಸಿ. ನಾಲಿಗೆ ಆಡಿಸಲ್ಲ, ಓಕರಿಸಲ್ಲ, ಮಧ್ಯೆ ಮಧ್ಯೆ ಮಗನ ಮದುವೆ ವಿಷಯ ತೆಗೆಯಲ್ಲ” ಎಂದಳು.

ಅಲ್ಲಿಂದ ಹಳೆಯ ಕಾರಿನವರೆಲ್ಲ ಅವಳ ಹಿತ್ತಿಲಿಗೆ ಬರತೊಡಗಿದರು. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬಂತೆ, ಕಾರಿದ್ದವರಿಗೆ ಬಿಡಿಭಾಗ ಇರುತ್ತಿರಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಪ್ಲಾಸ್ಟರ್ ಪುಡಿಯ ಡಬ್ಬಿಗಳೂ ಸೇರಿಕೊಂಡವು. ಒಮ್ಮೆ ಗಂಡ ಅದನ್ನು ಹಿಟ್ಟೆಂದು ತಿಳಿದು ಕಲಸಿಬಿಟ್ಟ. ಸೌಟು ಇವತ್ತಿಗೂ ಅದರಲ್ಲೇ ನಿಂತಿದೆ. ಆಮೇಲೆ ಡಬ್ಬಿಗಳ ಮೇಲೆ ‘ತಿನ್ನುವುದಲ್ಲ’ ಎಂಬ ಚೀಟಿ ಬಂತು.

ಒಂದು ಸೋಮವಾರ ಹೆರಿಗೆ ನರ್ಸಮ್ಮ ಬಂದಳು. ಆಕಾಶನೀಲಿ ಬಣ್ಣದ ಅವಳ ಕಾರಿಗೆ ನಲವತ್ತೆರಡು ವರ್ಷ. ಆಸ್ಪತ್ರೆ ತಲುಪುವಷ್ಟು ತಾಳ್ಮೆ ಇಲ್ಲದ ಎರಡು ಕೂಸುಗಳು ಅದರ ಹಿಂದಿನ ಸೀಟಿನಲ್ಲೇ ಹುಟ್ಟಿದ್ದವು. ನರ್ಸಮ್ಮ ಹಲ್ಲು ಸವೆದ ಒಂದು ಚಕ್ರವನ್ನು ಹಲ್ಲಕ್ಕನ ಅಂಗೈಯಲ್ಲಿಟ್ಟಳು. ಗಾಜು ಒರೆಸುವ ವೈಪರಿನ ಮೋಟಾರಿನೊಳಗಿನ ಚಕ್ರ ಅದು.

“ವೈಪರ್ ಓಡಲ್ಲ ಅಂತ ತಪಾಸಣೆಯಲ್ಲಿ ಎರಡು ಸಲ ಫೇಲ್ ಮಾಡಿದಾರೆ ಅಕ್ಕಾ. ಗುರುವಾರ ಕೊನೇ ಸಲ. ಅವತ್ತೂ ಫೇಲಾದ್ರೆ ನನ್ನ ಗಾಡಿ ಗುಜರಿಗೇ.”

“ಹಲ್ಲು ತಾನೇ? ಹಲ್ಲಂದ್ರೆ ನನಗೆ ನೀರು ಕುಡಿದ ಹಾಗೆ.”

ಎರಡು ದಿನ ಹಲ್ಲಕ್ಕ ತಲೆ ಎತ್ತಲಿಲ್ಲ. ಚಕ್ರದ ಅಚ್ಚು ತೆಗೆದು ಮೇಣದ ಚಕ್ರ ಮಾಡಿ, ಅದರಲ್ಲಿ ಸವೆದ ಒಂದೊಂದು ಹಲ್ಲನ್ನೂ ಕಟ್ಟಿ ಬೆಳೆಸಿದಳು. ಚಕ್ರದ ಬದಿಯಲ್ಲಿ ಕಡಲೆಗಾತ್ರದ ಒಂದು ಗುಳಿ ಕಂಡಿತು. “ಅಯ್ಯೋ, ಹುಳುಕು ಬೇರೆ!” ಎಂದು ಅದನ್ನೂ ಅಕ್ಕರೆಯಿಂದ ತುಂಬಿ ನುಣುಪು ಮಾಡಿ, ಕಂಚಿನಲ್ಲಿ ಹೊಸ ಚಕ್ರ ಎರೆದಳು. ಬುಧವಾರ ಸಂಜೆ ನರ್ಸಮ್ಮ ಮೋಟಾರು ತಂದಳು. ಗಂಡ ಅದಕ್ಕೆ ಹೊಸ ಚಕ್ರ ಕೂರಿಸಿ ಬ್ಯಾಟರಿಯ ವೈರು ಹಿಡಿದ. ಚಕ್ರ ಗಿರ್ರನೆ ತಿರುಗಿತು. ವೈರು ತೆಗೆದ, ನಿಂತಿತು. ಮೂವರೂ ಚಪ್ಪಾಳೆ ತಟ್ಟಿದರು.

ಗುರುವಾರ ಬೆಳಿಗ್ಗೆ ತಪಾಸಣೆಯ ಅಂಗಳದಲ್ಲಿ ಉದ್ದನೆಯ ಸಾಲು. ನರ್ಸಮ್ಮನ ಜೊತೆ ಹಲ್ಲಕ್ಕನೂ ಗಂಡನೂ ಬಂದಿದ್ದರು. ತಪಾಸಣೆ ಸಾಹೇಬರು ಗಾಜಿಗೆ ನೀರು ಚೆಲ್ಲಿಸಿ, “ವೈಪರ್ ಹಾಕಿ” ಎಂದರು. ವೈಪರು ಅತ್ತಿಂದಿತ್ತ ಚಕಚಕ ಓಡಿತು. ನರ್ಸಮ್ಮನ ಮುಖ ಅರಳಿತು.

“ಆಯ್ತು, ಆಫ್ ಮಾಡಿ.”

“ಮಾಡಿದೀನಿ ಸಾರ್.”

ವೈಪರು ಮಾತ್ರ ಯಾರಪ್ಪನ ಮಾತನ್ನೂ ಕೇಳುವ ಹಾಗೆ ಕಾಣಲಿಲ್ಲ. ಗಾಜು ಒಣಗಿದರೂ ಕಿರ್ ಕಿರ್ ಎಂದು ಒರೆಸುತ್ತಲೇ ಇತ್ತು.

“ನಿಲ್ಲದೇ ಇರೋ ವೈಪರನ್ನ ಪಾಸ್ ಮಾಡಕ್ಕಾಗಲ್ಲಮ್ಮ” ಎಂದರು ಸಾಹೇಬರು. ನರ್ಸಮ್ಮನ ಕಣ್ಣು ತುಂಬಿದ್ದು ನೋಡಿ ದನಿ ತಗ್ಗಿಸಿದರು. “ಹಿಂದೆ ಇನ್ನೂ ಆರು ಗಾಡಿ ಇದೆ. ಅವು ಮುಗಿಯೋದ್ರೊಳಗೆ ಸರಿ ಮಾಡಿದ್ರೆ ನೋಡ್ತೀನಿ.”

ಕಾರನ್ನು ಬದಿಗೆ ತಳ್ಳಿದರು. ಗಂಡ ಬಾನೆಟ್ಟು ಎತ್ತಿ ತಲೆ ಕೆರೆದುಕೊಂಡ. “ಸ್ವಿಚ್ಚು ಆಫ್ ಮಾಡಿದ್ಮೇಲೂ ಚಕ್ರ ಸ್ವಲ್ಪ ತಿರುಗುತ್ತೆ. ಅದರ ಬದೀಲಿ ಒಂದು ಗುಳಿ ಇರುತ್ತಲ್ಲ, ಪುಟ್ಟ ಮೊಳೆ ಅದರೊಳಗೆ ಬಿದ್ದಾಗ ಕರೆಂಟು ಕಟ್ಟಾಗೋದು. ಇದರಲ್ಲಿ ಯಾಕೆ ಬೀಳ್ತಿಲ್ಲ?”

ಹಲ್ಲಕ್ಕನ ಕೈಯಲ್ಲಿದ್ದ ಚೀಲ ಜಾರಿತು. “ಗುಳೀನಾ? ಅದು ಬೇಕಾಗಿತ್ತಾ?”

“ಯಾಕೆ, ಏನಾಯ್ತು?”

“ಹುಳುಕು ಅಂದ್ಕೊಂಡು ತುಂಬಿಬಿಟ್ಟೆ ಕಣ್ರೀ!”

ಗಂಡ ಹಣೆ ಚಚ್ಚಿಕೊಂಡ. “ಮಹರಾಯ್ತಿ, ಎಂಜಿನ್ ನಿನ್ನ ಕೈಗೆ ಕೊಡಲಿಲ್ಲವಲ್ಲ. ಸೈಲೆನ್ಸರ್ ತೂತಿಗೂ ಸಿಮೆಂಟ್ ಹಾಕಿರ್ತಿದ್ದೆ.”

ನಗುವುದಕ್ಕೆ ಪುರುಸೊತ್ತು ಇರಲಿಲ್ಲ. ಗಂಡ ಮೋಟಾರು ಬಿಚ್ಚಿ ಹೊಸ ಚಕ್ರ ಹೊರತೆಗೆದ. ನರ್ಸಮ್ಮನ ಡ್ಯಾಶ್‌ಬೋರ್ಡಿನಲ್ಲಿ ಹಳೆಯ ಚಕ್ರ ಸಿಕ್ಕಿತು. ಹಲ್ಲಕ್ಕ ಅದನ್ನು ಹೊಸದರ ಪಕ್ಕ ಹಿಡಿದು, ಹಲ್ಲು ಎಣಿಸಿ, ಗುಳಿಯ ಜಾಗಕ್ಕೆ ಗುರುತು ಹಾಕಿದಳು. ಹಲ್ಲು ಕೊರೆಯುವ ಕಡ್ಡಿಗಳು ಅವಳ ಕೈಚೀಲ ಬಿಟ್ಟು ಇರುವವಲ್ಲ. ಕಡ್ಡಿಗೆ ಹಿಡಿ ಸಿಕ್ಕಿಸಿ, ಚಕ್ರವನ್ನು ಮೊಣಕಾಲ ಸಂದಿಯಲ್ಲಿ ಒತ್ತಿಕೊಂಡು ಕೈಯಲ್ಲೇ ತಿರುಗಿಸತೊಡಗಿದಳು. ಕಂಚು ಕೂದಲೆಳೆಯಷ್ಟೇ ಬಿಟ್ಟುಕೊಡುತ್ತಿತ್ತು. ಒಂದು ಗಾಡಿ ಮುಗಿಯಿತು. ಎರಡು. ಮೂರು. ಅವಳ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು.

ನರ್ಸಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ರೂಢಿಯ ಮಾತು ತಾನಾಗಿ ಬಾಯಿಗೆ ಬಂತು. “ಆಯ್ತು, ಆಗೇಹೋಯ್ತು. ಉಸಿರು ತಗೋ. ಈಗ ಒತ್ತು! ಇನ್ನೊಂದ್ಸಲ ಒತ್ತು!”

ಆರನೆಯ ಗಾಡಿಯ ಚಾಲಕ ಕತ್ತು ಚಾಚಿ ಕೇಳಿದ, “ಏನಮ್ಮಾ, ಗಂಡೋ ಹೆಣ್ಣೋ?”

“ಗುಳಿ ಕಣಪ್ಪಾ, ಗುಳಿ! ನಿನ್ನ ಗಾಡಿ ನಿಧಾನವಾಗಿ ತೋರಿಸು, ಪುಣ್ಯ ಬರುತ್ತೆ” ಎಂದಳು ನರ್ಸಮ್ಮ.

ಅವನು ಒಳ್ಳೆಯ ಮನುಷ್ಯ. ಕಾಗದಪತ್ರ ಹುಡುಕುವ ನೆಪದಲ್ಲಿ ಎಲ್ಲ ಜೇಬುಗಳನ್ನೂ ಎರಡೆರಡು ಸಲ ತಡಕಾಡಿದ. ಅಷ್ಟರಲ್ಲಿ ಗುಳಿ ಮೂಡಿತು, ಗಂಡ ಚಕ್ರ ಕೂರಿಸಿ ಮೋಟಾರಿನ ಕೊನೆಯ ತಿರುಪು ಬಿಗಿದ.

ಸಾಹೇಬರು ಬಂದರು. ವೈಪರು ಓಡಿತು. “ಆಫ್” ಎಂದರು. ಅದು ಎಡಕ್ಕೆ ಒಮ್ಮೆ ಹೋಗಿ, ಬಲಕ್ಕೆ ಬಂದು, ಗಾಜಿನ ಬುಡದಲ್ಲಿ ಮೆಲ್ಲಗೆ ಒರಗಿ ಮಲಗಿತು. ಸಾಹೇಬರು ನಂಬದೆ ಮೂರು ಸಲ ಹಾಕಿಸಿ ಆರಿಸಿದರು. ಮೂರು ಸಲವೂ ಮಲಗಿತು. ಅವರು ಸಹಿ ಹಾಕಿ ಕಾಗದ ಕೊಟ್ಟಾಗ ನರ್ಸಮ್ಮ ಅದನ್ನು ಎದೆಗೊತ್ತಿಕೊಂಡಳು.

ಹಲ್ಲಕ್ಕ ಬೊಬ್ಬೆಯೆದ್ದ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ ಹಿಂದಿನ ಸೀಟಿಗೆ ಹತ್ತಿದಳು. ಗಂಡ ಬಾಗಿಲು ಹಾಕುತ್ತಾ, “ಎರಡು ದಿನ ಗಟ್ಟಿ ಏನೂ ಒರೆಸಬೇಡಿ ಅಂತ ಹೇಳಲ್ವಾ?” ಎಂದ.

“ಹೇಳ್ತೀನಿ, ಮೊದಲು ನೀವು ಬಾಯಿ ಮುಚ್ಚಿ” ಎಂದಳು ಹಲ್ಲಕ್ಕ. ನರ್ಸಮ್ಮ ನಗುತ್ತಾ ಗಾಡಿಯನ್ನು ಬೀದಿಗೆ ತಿರುಗಿಸಿದಳು.