ದೊಡ್ಡವ್ವನ ಕೂಗು

ದೆವ್ವ, ಮುನ್ಸೂಚನೆ ಎಂದು ಯಾರಾದರೂ ಕತೆ ಶುರುಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಹುಣಸೆಮರದ ಕೆಳಗೆ ನಡೆಯಲು ಹೆದರುತ್ತಿದ್ದ ನಮ್ಮಮ್ಮನಿಗೇ ಅದೆಲ್ಲ ಮೆದುಳಿನ ಆಟ ಎಂದು ಪಾಠ ಹೇಳಿದವಳು. ಪ್ರಾಣಿಗಳ ಮೆದುಳು ಭಯವನ್ನು ಹೇಗೆ ಕಲಿಯುತ್ತದೆ, ಹೇಗೆ ಮರೆಯುತ್ತದೆ ಎಂಬುದೇ ನನ್ನ ಸಂಶೋಧನೆ. ಅಂಥವಳಿಗೆ ಹೀಗಾಯಿತು ಎಂದರೆ ನೀವು ನಗಬಹುದು. ನಗಿ, ಬೇಸರವಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಂದ ಸ್ವಲ್ಪ ಒಳಗೆ, ಜನ ಬಾರದ ಒಂದು ಬಂಡೆಯ ಬಳಿ ನಾನು ನೋಡುತ್ತಿದ್ದ ಮಂಗಗಳ ಗುಂಪು ಇರುತ್ತಿತ್ತು. ಚಿರತೆ ಕಂಡರೆ ಮಂಗ ಒಂದು ಬಗೆಯಲ್ಲಿ ಕೂಗುತ್ತದೆ. ಅದನ್ನು ಕೇಳಿದ್ದೇ ತಡ, ಉಳಿದವೆಲ್ಲ ಮರ ಹತ್ತುತ್ತವೆ. ಗುಂಪಿನ ಮುದಿ ಹೆಣ್ಣೊಂದು ಹಾಗೆ ಕೂಗಿದ್ದನ್ನು ನಾನು ರೆಕಾರ್ಡ್ ಮಾಡಿಕೊಂಡಿದ್ದೆ. ಅದಕ್ಕೆ ದೊಡ್ಡವ್ವ ಎಂದು ಹೆಸರಿಟ್ಟವರು ನನ್ನ ಸಹಾಯಕ ಮಹದೇವಣ್ಣ. ಇಲವಾಲದ ಕಡೆಯವರು, ಐವತ್ತು ದಾಟಿದವರು, ಮುಖ ನೋಡಿಯೇ ಒಂದೊಂದು ಮಂಗವನ್ನೂ ಗುರುತಿಸುವವರು. ದೊಡ್ಡವ್ವನ ಕೂಗು ಕೊನೆಯಲ್ಲಿ ಒಡೆಯುತ್ತಿತ್ತು, ನೆಗಡಿಯಾದವರ ದನಿಯ ಹಾಗೆ.

ಆ ಕೂಗನ್ನು ಪೊದೆಯಲ್ಲಿ ಬಚ್ಚಿಟ್ಟ ಸ್ಪೀಕರಿನಿಂದ ಕೇಳಿಸಿ, ಮಂಗಗಳು ಏನು ಮಾಡುತ್ತವೆಂದು ಬರೆದುಕೊಳ್ಳುವುದು ನಮ್ಮ ಕೆಲಸ. ವಾರಕ್ಕೊಮ್ಮೆಗಿಂತ ಹೆಚ್ಚು ಕೇಳಿಸಬಾರದು. ಕೇಳಿಸಿದರೆ ಅದು ಸುಳ್ಳೆಂದು ಅವು ಕಲಿತುಬಿಡುತ್ತವೆ. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗಿತ್ತು. ದಿನವೂ ಕೇಳಿಸಿದೆ, ಕೆಲವು ದಿನ ಎರಡೆರಡು ಸಲ. ಮಹದೇವಣ್ಣ ಬೇಡವೆಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ವಾರಕ್ಕೆ ಒಂದು ಮಂಗವೂ ತಲೆ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ದೊಡ್ಡವ್ವ ಬೆಟ್ಟದ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತಿತು. ಮಹದೇವಣ್ಣ ಗುಂಡಿ ತೋಡಿ, ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡಿದರು. ಸತ್ತ ಜೀವದ ದನಿಯನ್ನು ಇನ್ನು ಕೂಗಿಸಬೇಡಿ ಎಂದು ಕೇಳಿಕೊಂಡರು. ನಾನು ನಕ್ಕು, ಮರುದಿನವೂ ಕೇಳಿಸಿದೆ.

ಅದಾಗಿ ಎಂಟು ದಿನ. ಸಂಜೆ, ಬಿಸಿಲು ಇನ್ನೂ ಇತ್ತು. ಕೆಲಸ ಮುಗಿದು, ಮಹದೇವಣ್ಣ ಸ್ಪೀಕರಿನ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಸ್ಪೀಕರ್ ನನ್ನ ಕಾಲ ಬಳಿ ಇತ್ತು. ಎದುರಿನ ಬಂಡೆಯ ಮೇಲೆ ದೊಡ್ಡವ್ವನ ಮಗಳು ಚಿಕ್ಕಿ ಮರಿಗೆ ಹಾಲೂಡಿಸುತ್ತಿತ್ತು. ಉಳಿದವು ಸುತ್ತ ಕೂತು ಹೇನು ಹೆಕ್ಕುತ್ತಿದ್ದವು.

ಆಗ ದೊಡ್ಡವ್ವ ಕೂಗಿತು. ನನ್ನ ಕಾಲ ಬಳಿಯಿಂದಲೇ. ಸ್ಪೀಕರಿಗೆ ತಾಗಿದ್ದ ಪಾದಕ್ಕೆ ಅದು ಅದುರಿದ್ದು ತಿಳಿಯಿತು. ಕೊನೆಯಲ್ಲಿ ದನಿ ಒಡೆಯಿತು. ಮತ್ತೆ ಕೂಗಿತು, ರೆಕಾರ್ಡಿನಲ್ಲಿ ಇದ್ದದ್ದಕ್ಕಿಂತ ಜೋರಾಗಿ.

ಮಹದೇವಣ್ಣ ಜೇಬಿಗೆ ಕೈ ಹಾಕಿ, ಬ್ಯಾಟರಿಯನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ಬ್ಯಾಟ್ರಿ ಇಲ್ಲೈತೆ ಕಣಮ್ಮ. ಎದ್ ಬನ್ನಿ. ಅವ್ವ ಸುಮ್‌ಸುಮ್ನೆ ಕೂಗಾಕಿಲ್ಲ."

ನನಗೆ ಎಷ್ಟು ಭಯವಾಯಿತೆಂದರೆ ಏಳಲಾಗಲಿಲ್ಲ. ಅವರೇ ರಟ್ಟೆ ಹಿಡಿದು ಮೆಟ್ಟಿಲುಗಳ ಕಡೆಗೆ ಎಳೆದುಕೊಂಡು ಓಡಿದರು. ತಿರುಗಿ ನೋಡಿದೆ. ಒಂದು ಮಂಗವೂ ಅಲುಗಿರಲಿಲ್ಲ. ನಾವು ಕೂತಿದ್ದ ಜಾಗದ ಹಿಂದಿನ ಪೊದೆಯಿಂದ ಚಿರತೆ ಹೊರಬಂದು, ನನ್ನ ಚೀಲ ದಾಟಿ, ಒಂದೇ ನೆಗೆತಕ್ಕೆ ಬಂಡೆಯ ಮೇಲಿತ್ತು. ಅದು ಹೋದ ಮೇಲೆ ಅಲ್ಲಿ ಚಿಕ್ಕಿ ಇರಲಿಲ್ಲ. ಮರಿಯೊಂದೇ ಕಿರುಚುತ್ತಿತ್ತು. ಅದೂ ಮೂರು ದಿನ ಮಾತ್ರ ಬದುಕಿತು.

ಸ್ಪೀಕರನ್ನು ರಿಪೇರಿಯವರಿಗೆ ತೋರಿಸಿದೆ. ಏನೂ ಕೆಟ್ಟಿಲ್ಲ, ಬ್ಯಾಟರಿ ಇಲ್ಲದೆ ಸದ್ದು ಬರಲು ಸಾಧ್ಯವೇ ಇಲ್ಲ ಎಂದರು. ಗುಂಪಿನ ಬೇರೆ ಮಂಗ ಕೂಗಿರಬೇಕು ಎಂದರು ನನ್ನ ಮಾರ್ಗದರ್ಶಕರು. ಇರಬಹುದು. ಆದರೆ ಅವೆಲ್ಲ ಬಾಯಿ ಮುಚ್ಚಿಕೊಂಡು ನನ್ನ ಕಣ್ಣೆದುರಿಗೇ ಕೂತಿದ್ದವು. ಸ್ಪೀಕರ್ ಅದುರಿದ್ದು ನನ್ನ ಪಾದಕ್ಕೆ ತಿಳಿದದ್ದೂ ನಿಜ.

ಆ ಸ್ಪೀಕರ್ ಈಗ ಹೂಟಗಳ್ಳಿಯ ನಮ್ಮ ಮನೆಯ ಅಟ್ಟದಲ್ಲಿದೆ. ಬಿಸಾಡಲು ಧೈರ್ಯವಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಸಂಜೆಯಾದರೆ ಅಟ್ಟವಿರುವ ಕೋಣೆಗೆ ಕಾಲಿಡುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡದ್ದು ಚಿಕ್ಕಿ. ಅಂದು ಕೂಗಿದ್ದು ಯಾರೋ, ನನಗೆ ಗೊತ್ತಿಲ್ಲ. ಯಾರೇ ಆಗಲಿ, ಮಗಳನ್ನು ಎಚ್ಚರಿಸಲೆಂದೇ ಕೂಗಿರಬೇಕು. ಕೇಳಿ ಓಡಿದವರು ನಾವಿಬ್ಬರು.