ಲೀಟರ್ ಚೊಂಬು

ಡಾಕ್ಟರು ಬೇಡವೆಂದರೂ ಅಜ್ಜಿ ಕದ್ದು ನೀರು ಕುಡಿಯುತ್ತಿದ್ದಳು ಎಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತಾ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕದ್ದದ್ದನ್ನು ಕಂಡವರು ಯಾರು? ಯಾರೂ ಇಲ್ಲ.

ಕಂಡದ್ದು ಅವಳ ಕಾಲಿನ ಬಾವು ಮಾತ್ರ. ಹೃದಯಕ್ಕೆ ಶಕ್ತಿ ಸಾಲದು, ದಿನಕ್ಕೆ ಒಂದೇ ಲೀಟರ್ ನೀರು ಎಂದು ತರೀಕೆರೆಯ ಡಾಕ್ಟರು ಹೇಳಿದ್ದರು. ಬುಕ್ಕಾಂಬುಧಿಯ ನಮ್ಮ ಮನೆಯಲ್ಲಿ ಅಮ್ಮ ದಿನಾ ಬೆಳಿಗ್ಗೆ ತಾಮ್ರದ ಚೊಂಬು ತುಂಬಿ ಅಜ್ಜಿಯ ಮಂಚದ ಪಕ್ಕ ಇಡುತ್ತಿದ್ದಳು. ಅದಕ್ಕೆ ಮೊದಲಿನಿಂದಲೂ ಲೀಟರ್ ಚೊಂಬು ಎಂದೇ ಹೆಸರು. ಹದಿನೈದು ದಿನವಾದರೂ ಬಾವು ಇಳಿಯಲಿಲ್ಲ. ಹೀಗೇ ಆದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದರು ಡಾಕ್ಟರು.

"ಕದ್ದು ಕುಡಿಯೋಕೆ ಶುರು ಮಾಡ್ಬಿಟ್ಟೆ ಕಣವ್ವ ನೀನು," ಎಂದು ಚಿಕ್ಕಪ್ಪ ಅಜ್ಜಿಯನ್ನು ಕಿಚಾಯಿಸಿದ. ಚೊಂಬು ಬರಿದಾದ ಮೇಲೆ ಒಂದು ಹನಿಯೂ ಮುಟ್ಟಿಲ್ಲ ಎಂದಳು ಅಜ್ಜಿ. ಅಮ್ಮನೂ ನಂಬಿದ ಹಾಗೆ ಕಾಣಲಿಲ್ಲ.

ಮಾರನೆಯ ದಿನ ಅಜ್ಜಿಯೊಬ್ಬಳನ್ನೇ ಬಿಟ್ಟು ಎಲ್ಲರೂ ತೋಟಕ್ಕೆ ಹೊರಟಾಗ, ಮನೆಯಲ್ಲಿ ಕುಡಿಯುವ ನೀರಿದ್ದ ಒಂದೇ ಒಂದು ಕ್ಯಾನಿನ ಮೇಲೆ, ಅಡುಗೆಮನೆಯಲ್ಲಿ, ನಾನು ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಒಂದು ಗೀಟೆಳೆದೆ. ಯಾರಿಗೂ ಹೇಳಲಿಲ್ಲ. ಸಂಜೆ ನೋಡಿದರೆ ನೀರು ಗೀಟಿನಲ್ಲೇ ಇತ್ತು. ಹಾಗಾದರೆ ತಪ್ಪು ಚೊಂಬಿನದೇ ಇರಬೇಕು.

ಲೀಟರ್ ಬಾಟಲಿಯಲ್ಲಿ ಚೊಂಬಿನ ನೀರು ಅಳೆಯೋಣ ಎಂದೆ. ಚೊಂಬಿನ ಹೆಸರು ನಂಬದವಳು ಬಾಟಲಿ ಮೇಲಿನ ಚೀಟಿ ಹೇಗೆ ನಂಬುತ್ತೀಯ ಎಂದು ಚಿಕ್ಕಪ್ಪ ಶಾಲೆಯಲ್ಲಿ ನಾನು ಗೆದ್ದ ಡಿಬೇಟ್ ಬಹುಮಾನಗಳನ್ನೆಲ್ಲ ಆಡಿಕೊಂಡ. ಮಾತು ನ್ಯಾಯವೇ. ಲೀಟರ್ ಎಂದರೇನು ಎಂಬಲ್ಲಿಂದಲೇ ಹೊರಟೆ. ಉದ್ದ, ಅಗಲ, ಆಳ ಮೂರೂ ಹತ್ತು ಸೆಂಟಿಮೀಟರ್ ಇರುವ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು. ಪ್ಲೈವುಡ್ ತುಂಡುಗಳಿಗೆ ಮೊಳೆ ಹೊಡೆದು ಅಂಥದ್ದೊಂದನ್ನು ಮಾಡಿ, ಒಳಗೆ ತೆಳು ಪ್ಲಾಸ್ಟಿಕ್ ಹಾಸಿ, ಅಜ್ಜಿಯ ಎದುರೇ ಚೊಂಬಿನ ನೀರು ಸುರಿದೆ. ಪೆಟ್ಟಿಗೆ ತುಂಬಿತು. ಚೊಂಬಿನಲ್ಲಿ ಇನ್ನೂ ನೀರಿತ್ತು. ಉಳಿದದ್ದು ಹತ್ತು ಮಿಲಿಲೀಟರಿನ ಔಷಧಿ ಮುಚ್ಚಳದಲ್ಲಿ ಇಪ್ಪತ್ತೈದು ಸಲ ಬಂತು. ಒಂದು ಮಿಲಿಲೀಟರ್ ಎಂದರೆ ಪ್ರತಿ ಬದಿಯೂ ಒಂದು ಸೆಂಟಿಮೀಟರ್ ಇರುವ ಪುಟ್ಟ ಘನ. ಪೆಟ್ಟಿಗೆಯೊಳಗೆ ಅಂಥವು ಸಾವಿರ. ಅದರ ಮೇಲೆ ದಿನಾ ಇನ್ನೂರೈವತ್ತನ್ನು ನಾವೇ ಕೊಡುತ್ತಿದ್ದೆವು.

ಅಮ್ಮ ಅಜ್ಜಿಯ ಕಾಲ ಬಳಿ ಕೂತು ಬಾವಿನ ಮೇಲೆ ಕೈಯಾಡಿಸಿದಳು. "ಹೋಗ್ಲಿ ಬಿಡೇ," ಎಂದಳು ಅಜ್ಜಿ, "ದಿನಾ ಕಾಲು ಲೀಟರ್ ಪುಕ್ಸಟ್ಟೆ ಕುಡ್ದಂಗಾಯ್ತು."

ಆಮೇಲೆ ಪೆಟ್ಟಿಗೆಯಲ್ಲೇ ಅಳೆದು ಕೊಟ್ಟೆವು. ಬಾವು ನಿಧಾನಕ್ಕೆ ಇಳಿಯಿತು. ಆದರೆ ಚೊಂಬು ಅಳೆದ ದಿನ ಕ್ಯಾನಿನ ಮೇಲಿನ ಗೀಟು ಅಳಿಸಲು ಅಡುಗೆಮನೆಗೆ ಹೋದಾಗ ಅದು ಅಲ್ಲಿರಲಿಲ್ಲ. ಅಮ್ಮ, ಚಿಕ್ಕಪ್ಪ ಇಬ್ಬರೂ ಅಂಥ ಗೀಟನ್ನು ನೋಡಿಯೇ ಇಲ್ಲ ಎನ್ನುತ್ತಾರೆ.

ಅಜ್ಜಿ, ಅದನ್ನು ಒರೆಸಿದ್ದು ನೀನೇನಾ?