ಫಲಕದಮ್ಮನವರೂ ಹನ್ನೊಂದು ಗೋಲುಗಳೂ

ಕ್ರೀಡಾ ಸಂಗ್ರಹಾಲಯಗಳ ಲೋಕದಲ್ಲಿ ಗೆದ್ದವರ ಪ್ರಶಸ್ತಿ ಕಪ್ಪುಗಳಿಗೆ ಹೊಳಪು ಕೊಡುವವರು ಬಹಳ ಮಂದಿ. ಸೋತವರ ದಾಖಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಾಪಾಡಿದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ನಮ್ಮ ಪುಟ್ಟ ಊರಿನ ಮೂರು ಕೋಣೆಗಳ ಸಂಗ್ರಹಾಲಯದಲ್ಲಿ ಮೂವತ್ತೆರಡು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಮೇಲ್ವಿಚಾರಕಿಯವರು. ಗಾಜಿನ ಕಪಾಟುಗಳೊಳಗಿನ ಪ್ರತಿಯೊಂದು ವಿವರಫಲಕವೂ ಅವರದೇ ದುಂಡನೆಯ ಕೈಬರಹದ್ದಾದ್ದರಿಂದ ಊರಿಗೆಲ್ಲ ಅವರು ಫಲಕದಮ್ಮ.

ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ ಅವರು ಎರಡೇ ವರ್ಷಗಳಲ್ಲಿ ಇಡೀ ಸಂಗ್ರಹಾಲಯದ ಹೊಣೆ ಹೊತ್ತರು. ದಾಖಲೆ ಮುರಿಯುವವರೆಗೆ ಫಲಕ ಕದಲಬಾರದು, ಮುರಿದ ಮೇಲೆ ಒಂದು ಗಂಟೆಯೂ ಉಳಿಯಬಾರದು ಎಂಬುದು ಅವರ ನಿಯಮ. ಶಾಲಾ ಹುಡುಗನೊಬ್ಬ ಬೆಳಿಗ್ಗೆ ಉದ್ದಜಿಗಿತದ ದಾಖಲೆ ಮುರಿದಾಗ, ಮಧ್ಯಾಹ್ನ ತಮ್ಮ ಹೆಸರಿನ ಫಲಕ ತೋರಿಸಲು ನೆಂಟರನ್ನು ಕರೆತಂದ ಹಳೆಯ ದಾಖಲೆಯ ಒಡೆಯರಾದ ನಮ್ಮ ಸಂಗ್ರಹಾಲಯ ಸಮಿತಿಯ ಅಧ್ಯಕ್ಷರಿಗೆ, “ಮೂರು ಅಂಗುಲ ಕಡಿಮೆಯಾಗಿಬಿಟ್ರಿ ಸಾರ್” ಎಂದವರು ಅವರು. ಹಾಗೆಂದು ಕಲ್ಲುಮನಸ್ಸಿನವರಲ್ಲ. ಹೊಸದಾಗಿ ಸೇರಿದ್ದ ಸಹೋದ್ಯೋಗಿಯ ಕೈಜಾರಿ ಕಪ್ಪೊಂದರ ಹಿಡಿ ಮುರಿದಾಗ, ಹಿಡಿ ಮುರಿದ ದಿನಾಂಕವನ್ನು ಬರೆದಿಟ್ಟರೇ ಹೊರತು ಮುರಿದವರ ಹೆಸರು ಬರೆಯಲಿಲ್ಲ. ಆ ಸಹೋದ್ಯೋಗಿಯೇ ಇಂದು ಈ ಲೇಖನ ಬರೆಯುತ್ತಿರುವುದು.

ಅವರ ಸೇವಾವಧಿಯ ನಿಜವಾದ ಪರೀಕ್ಷೆ ಎಂಟು ವರ್ಷಗಳ ಹಿಂದೆ ದೂರದ ನಗರದ ಒಂದು ಕುಟುಂಬದ ರೂಪದಲ್ಲಿ ಬಂತು. ಅದಕ್ಕೂ ಮೊದಲು ಫೋನಿನ ರೂಪದಲ್ಲಿ. ಮೊದಲು ಆ ಮನೆಯ ಮಗಳು ಫೋನು ಮಾಡಿ ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದು ಕೇಳಿದರು. ಕೂರಲು ಕುರ್ಚಿಯಿದೆಯೇ ಎಂದು ಅಜ್ಜಿ, ಕಾರಿಗೆ ನೆರಳಿದೆಯೇ ಎಂದು ಅಳಿಯ. ಹನ್ನೆರಡು ವರ್ಷದ ಮೊಮ್ಮಗಳ ಪ್ರಶ್ನೆಯೇ ಬೇರೆ: “ನಮ್ ತಾತ ನಿಮ್ಮೂರಲ್ಲಿ ಗೋಲ್‌ಕೀಪರ್ ಆಗಿದ್ರಂತೆ. ಅವರ ಫೋಟೋ ಎಷ್ಟು ದೊಡ್ಡದಿದೆ ಆಂಟಿ?” ಒಬ್ಬರು ಫೋನು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ನಾಲ್ವರೂ ನಾಲ್ಕು ಬೇರೆ ಬೇರೆ ಭಾನುವಾರಗಳನ್ನು ಗೊತ್ತುಮಾಡಿದ್ದರು. ಫಲಕದಮ್ಮ ಕೊನೆಗೆ ಮಗಳಿಗೆ ತಾವೇ ಫೋನು ಮಾಡಿ, “ಈ ತಿಂಗಳಲ್ಲಿ ಐದು ಭಾನುವಾರ ಇದೆ. ಯಾರೂ ಹೇಳದೇ ಇರೋ ಐದನೇದನ್ನ ನಾನು ಬರ್ಕೊಂಡಿದ್ದೀನಿ, ಬಂದ್ಬಿಡಿ” ಎಂದು ತೀರ್ಪು ಕೊಟ್ಟರು.

ಎಲ್ಲ ಮುಗಿಯಿತು ಎನ್ನುವಾಗ ತಾತನ ಫೋನು ಬಂತು, ಪಿಸುದನಿಯಲ್ಲಿ.

“ಅಮ್ಮಾ, ನನ್ನ ಫೋಟೋ ಕೆಳಗೆ ಒಂದು ಫಲಕ ಇದೆಯಂತಲ್ಲ, ಅದನ್ನ ಒಂದೇ ಒಂದು ದಿನ ತೆಗೆದಿಡೋಕಾಗುತ್ತಾ?”

ಫಲಕದಲ್ಲಿದ್ದುದು ಇಷ್ಟು: ‘ಈ ಮೈದಾನದಲ್ಲಿ, ಒಂದೇ ಆಟದಲ್ಲಿ, ಅತಿ ಹೆಚ್ಚು ಗೋಲು ಬಿಟ್ಟುಕೊಟ್ಟ ದಾಖಲೆ: ಹನ್ನೊಂದು.’ ಆ ಗೋಲ್‌ಕೀಪರ್ ಈ ತಾತನೇ. ಊರು ಬಿಟ್ಟು ಐವತ್ತು ವರ್ಷವಾದ ಧೈರ್ಯದ ಮೇಲೆ, ತಾವು ಒಂದು ಚೆಂಡನ್ನೂ ಒಳಗೆ ಬಿಟ್ಟವರಲ್ಲವೆಂದು ಮೊಮ್ಮಗಳಿಗೆ ಹೇಳಿಕೊಂಡು ಬಂದಿದ್ದರು.

“ಮಗು ನನ್ನ ಮಾತು ನಂಬಿ ಶಾಲೆ ಟೀಮಲ್ಲಿ ಗೋಲಿಗೆ ನಿಂತಿದ್ದಾಳೆ. ಅವಳ ಮುಂದೆ ನನ್ನ ಮಾನ ಉಳಿಸಿ.”

“ದಾಖಲೆ ಮುರಿಯೋವರೆಗೂ ಫಲಕ ತೆಗೆಯೋಕಾಗಲ್ಲ ತಾತ” ಎಂದು ಫಲಕದಮ್ಮ ಕಡ್ಡಿ ಮುರಿದಂತೆ ಹೇಳಿ ಫೋನಿಟ್ಟರು. ಆದರೆ ಮೂರು ದಿನ ಮಧ್ಯಾಹ್ನದ ಊಟ ಬಿಟ್ಟು ಹಳೆಯ ಕ್ರೀಡಾವರದಿಗಳನ್ನೆಲ್ಲ ತಡಕಾಡಿದರು. ತಮ್ಮ ಫಲಕದಲ್ಲಿ ತಪ್ಪು ಸಿಗಲಿ ಎಂದು ಅವರು ಹಾರೈಸಿದ್ದು ಅದೇ ಮೊದಲು. ಆ ಆಟದ ಮೂರು ವರದಿಗಳು ಸಿಕ್ಕವು, ಮೂರರಲ್ಲೂ ಹನ್ನೊಂದೇ.

ಐದನೆಯ ಭಾನುವಾರ ಕುಟುಂಬ ಬಂದಿಳಿಯಿತು. ತಾತ ಮೊದಲ ಕೋಣೆಯ ಹಾಕಿ ಕೋಲುಗಳ ಮುಂದೆ ಬೇರು ಬಿಟ್ಟವರಂತೆ ನಿಂತು ಒಂದೊಂದು ಕೋಲಿನ ಚರಿತ್ರೆಯನ್ನೂ ವಿಚಾರಿಸತೊಡಗಿದರು. ಅಷ್ಟರಲ್ಲಿ ಮೂರನೆಯ ಕೋಣೆಯಿಂದ ಮೊಮ್ಮಗಳು ಫಲಕವನ್ನು ಗಟ್ಟಿಯಾಗಿ ಓದುವುದು ಕೇಳಿಸಿತು. ಎಲ್ಲರೂ ಅಲ್ಲಿ ಸೇರಿದಾಗ ಅವಳು, “ಒಂದೂ ಬಿಟ್ಟಿಲ್ಲ ಅಂದಿದ್ರಲ್ಲ ತಾತ?” ಎಂದಳು. ತಾತ ಕನ್ನಡಕ ತೆಗೆದು ಒರೆಸತೊಡಗಿದರು. ಅಳಿಯನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

“ಹನ್ನೊಂದಾ ಮಾವ! ಒಂದು ಕಂಬ ನೆಟ್ಟಿದ್ರೂ ಅರ್ಧ ತಡೀತಿತ್ತಲ್ಲ!”

ಫಲಕದಮ್ಮನವರ ಕಿವಿ ನೆಟ್ಟಗಾಯಿತು. ಕಪಾಟಿನಿಂದ ಸೀಟಿಯನ್ನೂ ಚೆಂಡನ್ನೂ ತೆಗೆದು, “ಅದೇ ಮೈದಾನ ಹಿಂದೆ ಇದೆ. ಕಂಬ ಯಾಕೆ, ನೀವೇ ನಿಂತು ತೋರ್ಸಿ. ಅರ್ಧ ಗಂಟೆ ಆಟ” ಎಂದರು.

ಅಳಿಯ ಅಂಗಿಯ ತೋಳು ಮಡಿಸಿ ಗೋಲಿಗೆ ನಿಂತರು. ಮೊದಲು ಮೊಮ್ಮಗಳು, ಆಮೇಲೆ ಹಳೆಯ ಬಾಕಿಯೆಲ್ಲ ತೀರಿಸುವವರಂತೆ ಹೆಂಡತಿ, ಆಮೇಲೆ ಚಪ್ಪಲಿ ಕಳಚಿಟ್ಟ ಅತ್ತೆ. ಅತ್ತೆ ಹೊಡೆದ ಚೆಂಡನ್ನು ಬಲವಾಗಿ ತಡೆಯುವುದು ಮರ್ಯಾದೆಯೋ ಅಲ್ಲವೋ ಎಂದು ಅವರು ಯೋಚಿಸುವಷ್ಟರಲ್ಲಿ ಮೂರು ಗೋಲು ಆಗಿಹೋಗಿತ್ತು. ಹನ್ನೊಂದಾದಾಗ ಎಲ್ಲರೂ ತಾತನ ಕಡೆ ತಿರುಗಿದರು. ಅಷ್ಟು ಹೊತ್ತು ಬೇಲಿಗೆ ಒರಗಿದ್ದ ತಾತ ಪಂಚೆ ಎತ್ತಿ ಕಟ್ಟಿ, ಓಡಿಬಂದು ಒದ್ದರು. ಹನ್ನೆರಡು! ಸಂತೋಷ ತಾಳಲಾರದೆ ಅಜ್ಜಿ ಇನ್ನೊಂದು ಹೊಡೆದು ಹದಿಮೂರು ಮಾಡಿದರು.

ಫಲಕದಮ್ಮ ಸೀಟಿ ಊದಿ, ನೇರ ಒಳಗೆ ಹೋಗಿ ಹೊಸ ಫಲಕ ಬರೆದರು. “ಇದೂ ಒಂದು ಆಟಾನಾ ಮೇಡಂ?” ಎಂದು ಅಳಿಯ ಏದುಸಿರು ಬಿಡುತ್ತಾ ತಕರಾರೆತ್ತಿದಾಗ, ಆಟಕ್ಕೆ ಎಷ್ಟು ಜನ ಬೇಕೆಂದು ಫಲಕದಲ್ಲಿ ಬರೆದಿಲ್ಲವೆಂದು ತೋರಿಸಿದರು. ಆ ನಗುವಿನ ನಡುವೆಯೇ ಮೊಮ್ಮಗಳು ತಾತನ ಕೈ ಹಿಡಿದುಕೊಂಡಳು.

“ಹೋದ ತಿಂಗಳು ನಾನು ಏಳು ಬಿಟ್ಟೆ ತಾತ. ನಿಮಗೆ ಹೇಳೋಕೆ ಭಯ ಆಗಿತ್ತು.”

ತಾತನ ಕಣ್ಣು ತುಂಬಿತು. “ಏಳೇನಾ? ನಾನೇ ಹನ್ನೊಂದು ಬಿಟ್ಟೋನು, ನನಗ್ಯಾಕೆ ಹೆದರ್ತೀಯ ಪುಟ್ಟಿ” ಎಂದವರು, ಒಂದು ದಿನ ಮರೆಮಾಡಲು ಬೇಡಿದ್ದ ಅದೇ ಫಲಕವನ್ನು ಮನೆಯ ಗೋಡೆಗೆ ಹಾಕಲು ಕೇಳಿ ಪಡೆದರು. ‘ಹಳೆಯ ಫಲಕವನ್ನು ವಾರಸುದಾರರಿಗೆ ಒಪ್ಪಿಸಲಾಗಿದೆ’ ಎಂದು ಫಲಕದಮ್ಮ ಸಂಗ್ರಹಾಲಯದ ಪುಸ್ತಕದಲ್ಲಿ ಬರೆದರು. ಬರೆಯುವಾಗ ಅವರೂ ಕಣ್ಣೊರೆಸಿಕೊಂಡದ್ದನ್ನು ನಾವು ನೋಡಿದ್ದೇವೆ.

ಅಂದಿನಿಂದ ಅಳಿಯ ವರ್ಷಕ್ಕೊಮ್ಮೆ ಫೋನು ಮಾಡಿ, “ಯಾರಾದ್ರೂ ಮುರಿದ್ರಾ ಮೇಡಂ?” ಎಂದು ವಿಚಾರಿಸುತ್ತಾರೆ. “ಇನ್ನೂ ಇಲ್ಲ” ಎಂಬುದು ವರ್ಷ ವರ್ಷದ ಉತ್ತರ. ನಿವೃತ್ತಿಯ ನಂತರವೂ ಭಾನುವಾರಗಳಂದು ಬಂದು ಫಲಕ ಬರೆದುಕೊಡುವೆನೆಂದು ಫಲಕದಮ್ಮನವರು ಮಾತು ಕೊಟ್ಟಿದ್ದಾರೆ. ಅವರು ನೂರು ವರ್ಷ ಆರೋಗ್ಯದಿಂದ ಬಾಳಲಿ, ಆ ದುಂಡನೆಯ ಅಕ್ಷರ ನಡುಗದಿರಲಿ, ಹದಿಮೂರರ ಫಲಕವನ್ನು ತಮ್ಮ ಕೈಯಾರೆ ಇಳಿಸುವ ದಿನ ಅವರ ಪಾಲಿಗೆ ಬರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಅಳಿಯನ ಹಾರೈಕೆಯಂತೂ ನಮ್ಮದಕ್ಕಿಂತ ಗಟ್ಟಿ.